ಕಣ್ಣು ತೆರೆಸದ ಕಂಚಿನ ಬೊಂಬೆಗಳು

ಬಹಳ ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಚಂದನಾವತಿ ಅಂತೊಂದು ರಾಜ್ಯವಿತ್ತು. ಅಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಕರಾಳಕೇತು ಎಂಬ ಮಾಂತ್ರಿಕ ಆ ನಾಡಿನ ನಿದ್ದೆಯನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ, ಚಂದ್ರನಿಗೆ ಹೊತ್ತೊಯ್ದು, ಅದರ ಮೇಲೆ ಕೂತುಬಿಟ್ಟಿದ್ದ. ರಾಜನಿಗೆ ಸಿಂಹಾಸನದಲ್ಲಿ ತೂಕಡಿಸಲೂ ಆಗುತ್ತಿರಲಿಲ್ಲ. ಎದುರು ಸಿಕ್ಕವರು ನಮಸ್ಕಾರ ಅನ್ನುತ್ತಿರಲಿಲ್ಲ, ಸಾಕಪ್ಪಾ ಸಾಕು ಅನ್ನುತ್ತಿದ್ದರು.

ಕಂಚುಗಾರ ಈರಾಚಾರಿಯ ಮನೆಯಲ್ಲಿ ಐದು ತಿಂಗಳ ಮೊಮ್ಮಗಳಿದ್ದಳು. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಮಲಗಿದವಳಲ್ಲ. ಅಳುವುದಕ್ಕೂ ತ್ರಾಣವಿರಲಿಲ್ಲ. "ಇನ್ನು ಮೂರು ಹುಣ್ಣಿಮೆ ತಡೆದರೆ ಹೆಚ್ಚು" ಅಂದ ವೈದ್ಯ.

ಚಂದ್ರನಿಗೆ ಕಳಿಸಿ ಆ ಚೀಲ ಬಿಚ್ಚಿಸಬೇಕು ಅಂತ ಈರಾಚಾರಿ ಒಂದು ಕಂಚಿನ ಬೊಂಬೆ ಎರಕ ಹೊಯ್ದ. ಉಳಿದ ಕಂಚಿನಲ್ಲಿ ಒಂದು ತಂಬಿಗೆ ಮಾಡಿದ. ಬೊಂಬೆ ಎಲ್ಲಿ ಮಾತಾಡಿದರೂ ತಂಬಿಗೆಯಲ್ಲಿ ಕೇಳುತ್ತಿತ್ತು, ತಂಬಿಗೆಯಲ್ಲಿ ಹೇಳಿದ್ದು ಬೊಂಬೆಗೆ ಕೇಳುತ್ತಿತ್ತು. ಹುಣ್ಣಿಮೆಯ ಸಂಜೆ ಬೊಂಬೆಯ ಕಾಲಡಿ ಸಿಡಿಮದ್ದು ತುಂಬಿ ಹಾರಿಸಿದ. ಅದು ಚಂದ್ರನ ಪಕ್ಕದಲ್ಲೇ ಹಾದು ಎಲ್ಲಿಗೋ ಹೊರಟುಹೋಯಿತು. "ಅಪ್ಪಾ, ಚಂದ್ರ ಬಂತಾ? ಇನ್ನೂ ಬಂದಿಲ್ವಾ?" ಅನ್ನುತ್ತ ಅದರ ದನಿ ಸಣ್ಣಗಾಗಿ ಹೋಯಿತು.

ಮುಂದಿನ ಹುಣ್ಣಿಮೆಗೆ ಇನ್ನೊಂದು ಬೊಂಬೆ, ಇನ್ನೊಂದು ತಂಬಿಗೆ. ಈ ಸಲ ಗುರಿ ತಪ್ಪಲಿಲ್ಲ. ಬೊಂಬೆ ನೇರ ಹೋಗಿ ಚಂದ್ರನಿಗೆ ಬಡಿದು ಚೂರುಚೂರಾಯಿತು. ತಂಬಿಗೆ ಠಣ್ ಅಂದು ಸುಮ್ಮನಾಯಿತು.

ಈರಾಚಾರಿ ಕುಲುಮೆಯ ಮುಂದೆ ಕುಸಿದು ಕೂತ. "ನನ್ನ ಕೈಲಿ ಇನ್ನಾಗೋಲ್ಲ ಕಣೇ."

ಹೆಂಡತಿ ಮೌನಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. "ಅಲ್ಲಾ ಕಣ್ರೀ, ಅವಕ್ಕೆ ಕಣ್ಣು ತೆರೆಸಿದ್ರಾ?"

"ಹೇಗೆ ತೆರೆಸ್ಲಿ? ವಿಗ್ರಹ ಅದರ ಜಾಗದಲ್ಲಿ ಕೂತ ಮೇಲಲ್ವಾ ಕಣ್ಣು ತೆರೆಸೋದು? ತಾತನ ಕಾಲದಿಂದ ಹಾಗೇ."

"ಗುಡೀಲಿ ಕೂರೋ ದೇವರಿಗೆ ಅದು ಸರಿ. ಇವು ದಾರಿ ನೋಡ್ಕೊಂಡು ಹೋಗ್ಬೇಕಲ್ರೀ. ಎರಡನ್ನೂ ಕುರುಡು ಮಾಡಿ ಕಳಿಸಿದ್ರಲ್ಲ."

ತಪ್ಪು ತನ್ನದೇ ಅಂತ ಗೊತ್ತಾಗಿ ಈರಾಚಾರಿ ಎದ್ದು ಮತ್ತೆ ಕುಲುಮೆ ಊದಿದ. ಮೂರನೆಯ ಬೊಂಬೆಗೆ ಉಳಿ ಹಿಡಿದು ಅಲ್ಲೇ, ಕುಲುಮೆಯಲ್ಲೇ, ಕಣ್ಣು ತೆರೆಸಿದ.

ಮೂರನೆಯ ಹುಣ್ಣಿಮೆಗೆ ಅದು ಹೋಯಿತು. ಚಂದ್ರನ ಮೇಲೊಂದು ಗುಂಡಿ ಕಂಡು ಪಕ್ಕಕ್ಕೆ ಸರಿದು ಮೆತ್ತಗೆ ಇಳಿಯಿತು. "ಅಪ್ಪಾ, ಇಲ್ಲಿ ಬರೀ ಬೂದಿಬಣ್ಣದ ಧೂಳು. ಮಾಂತ್ರಿಕ ಚೀಲದ ಮೇಲಿದ್ದಾನೆ. ಕಾದೂ ಕಾದೂ ಅವನಿಗೂ ಸಾಕಾಗಿದೆ, ಪಾಪ."

"ಚೀಲದ ಗಂಟು ಎಲ್ಲಿದೆ ಮಗಾ?"

"ಅವನ ಬೆನ್ನ ಹಿಂದೆ."

"ಬಿಚ್ಚು."

ಬೊಂಬೆ ಬಿಚ್ಚಿತು. ಮೊದಲು ಹೊರಬಂದ ನಿದ್ದೆ ಮಾಂತ್ರಿಕನಿಗೇ ತಗಲಿತು. ಕೂತಲ್ಲೇ ಉರುಳಿದ, ಮತ್ತೆ ಏಳಲೇ ಇಲ್ಲ. ಉಳಿದದ್ದು ನಾಡಿನ ಮೇಲೆ ಇಳಿಯಿತು. ಎತ್ತುಗಳು ಕಾಲು ಮಡಚಿದವು. ರಾಜ ಮೆಟ್ಟಿಲ ಮೇಲೇ ಗೊರಕೆ ಹೊಡೆದ. ಮಗುವಿನ ರೆಪ್ಪೆ ಮುಚ್ಚಿತು, ಅಜ್ಜಿಯದೂ ಮುಚ್ಚಿತು.

ಈರಾಚಾರಿಯ ಕಣ್ಣೂ ಎಳೆಯುತ್ತಿತ್ತು. ಆಗ ತಂಬಿಗೆ ಅಂದಿತು, "ಅಪ್ಪಾ, ವಾಪಸ್ ಬರೋಕೆ ಮದ್ದಿಲ್ಲ."

"ಗೊತ್ತು ಮಗಾ. ಹೋಗೋಕೆ ಮಾತ್ರ ಸಾಲುತ್ತಿತ್ತು."

"ಇಲ್ಲಿ ತುಂಬಾ ಚಳಿ. ಸ್ವಲ್ಪ ಹೊತ್ತು ಮಾತಾಡ್ತೀಯಾ?"

ಈರಾಚಾರಿ ಮುಖಕ್ಕೆ ತಣ್ಣೀರು ಎರಚಿಕೊಂಡು ತಂಬಿಗೆಯನ್ನು ಮಡಿಲಿಗೆ ಎಳೆದುಕೊಂಡ. ಮಗು ನಿದ್ದೆಯಲ್ಲಿ ನಕ್ಕದ್ದು ಹೇಳಿದ, ರಾಜನ ಗೊರಕೆ ಹೇಳಿದ, ಹೇಳಿದ್ದನ್ನೇ ಮತ್ತೆ ಹೇಳಿದ. ಇಡೀ ನಾಡು ಮಲಗಿದ್ದಾಗ ಅವನೊಬ್ಬ ಮೂರು ದಿನ ಎಚ್ಚರವಿದ್ದ. ಅತ್ತ ಕಡೆಯ ಹ್ಞೂಂ ನಿಂತ ಮೇಲೆ ಮೊಮ್ಮಗಳ ಪಕ್ಕ ಮಲಗಿದ.

ಆಮೇಲೆ ಎಲ್ಲರೂ ಎದ್ದು, ಉಂಡು, ಸುಖವಾಗಿದ್ದರು. ಕಂಚುಗಾರನನ್ನು ಸನ್ಮಾನಿಸಲು ರಾಜನೇ ಬಂದ. ಮೌನಮ್ಮ ಬಾಗಿಲಲ್ಲೇ ಅಡ್ಡ ನಿಂತಳು. "ನಾಳೆ ಬನ್ನಿ ಸ್ವಾಮಿ. ಅವರು ಈಗಷ್ಟೇ ಮಲಗಿದ್ದಾರೆ."