ಯಾರಿಗಾಗಿ ಈ ಆಪರೇಷನ್

ಪವಾಯಿಯ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ತನ್ನ ರೂಮು ಹುಡುಕುತ್ತಿದ್ದ ಯಕ್ಷಿತಾ ತೆರೆದ ಬಾಗಿಲೊಂದರ ಮುಂದೆ ಗಕ್ಕನೆ ನಿಂತಳು.

ಒಳಗೆ ಮಂಚದ ಮೇಲೆ, ಆಸ್ಪತ್ರೆಯ ಗೌನು ತೊಟ್ಟು ಕೂತವನು ಪ್ರಶಾಂತ.

"ಎಂಥದಿದು?" ಎಂದಳು.

"ನಾಳೆ ನಿಮ್ಮ ಆಪರೇಷನ್ ಆದ ಮೇಲೆ ನನ್ನದು," ಎಂದು ಅವನು ಸಿಕ್ಕಿಬಿದ್ದವನಂತೆ ನಕ್ಕ.

ಇಬ್ಬರ ಪರಿಚಯವಾದದ್ದು ಇದೇ ಆಸ್ಪತ್ರೆಯ ಬೊಜ್ಜಿನ ಕ್ಲಿನಿಕ್ಕಿನಲ್ಲಿ. ಅವಳು ದಹಿಸರ್‌ನಲ್ಲಿ ಟೀಚರ್. ಅವನು ಚೆಂಬೂರಿನಲ್ಲಿ ಅಪ್ಪನ ಹೋಟೆಲ್ ನೋಡಿಕೊಳ್ಳುವವ. ಡಯಟ್, ಜಿಮ್, ಮಾತ್ರೆ ಯಾವುದಕ್ಕೂ ಅವಳ ತೂಕವೂ ಇಳಿಯಲಿಲ್ಲ, ಶುಗರೂ ಇಳಿಯಲಿಲ್ಲ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನೇ ಒಳ್ಳೆಯದು ಎಂದಿದ್ದರು ಡಾಕ್ಟರ್. ಅವನಿಗೆ ಮಾತ್ರ ವಾರಕ್ಕೊಂದು ಇಂಜೆಕ್ಷನ್ ಚೆನ್ನಾಗಿ ಹಿಡಿದಿತ್ತು.

ಸರದಿ ಬರುವವರೆಗೂ ಬೆಂಚಿನ ಮೇಲೆ ಅವರ ಜಗಳ ನಡೆಯುತ್ತಿತ್ತು.

"ಹೊಟ್ಟೆ ಕೊಯ್ಸೋದು ನನ್ನಿಂದಾಗ್ಲಿಕ್ಕಿಲ್ಲ ಮಾರಾಯ್ರೆ. ಸೂಜಿಯೇ ಸಾಕು."

"ಸೂಜಿ ಬಿಟ್ರೆ ತೂಕ ವಾಪಸ್ ಬರ್ತದಂತೆ!"

"ಆಪರೇಷನ್ ಆದ್ರೆ ಜೀವಮಾನವಿಡೀ ವಿಟಮಿನ್ ಗುಳಿಗೆ ನುಂಗ್ಬೇಕಂತೆ!"

ಅವಳು ಕಣ್ಣು ಅರಳಿಸಿ ಸಿಟ್ಟಾದಾಗ ಅವನು ಉತ್ತರ ಮರೆತು ಅವಳನ್ನೇ ನೋಡುತ್ತಿದ್ದ. ಅವಳು ತಿರುಗಿದ ಕೂಡಲೇ ಮೊಬೈಲಿಗೆ ತಲೆ ತಗ್ಗಿಸುತ್ತಿದ್ದ.

ಅಂಥವನು ಈಗ ಈ ಗೌನಿನಲ್ಲಿ!

"ನಿಮಗೆ ಇಂಜೆಕ್ಷನ್ನೇ ಸಾಕು ಅಂದಿದ್ರಲ್ಲ ಡಾಕ್ಟ್ರು?"

"ಅವಸರ ಇಲ್ಲ ಅಂದ್ರು. ನಾನೇ ಹಠ ಹಿಡಿದೆ."

"ಯಾಕೆ?"

ಪ್ರಶಾಂತ ಗೌನಿನ ದಾರವನ್ನು ಬೆರಳಿಗೆ ಸುತ್ತತೊಡಗಿದ. "ನೀವು ಬೇಗ ತೆಳ್ಳಗಾಗ್ತೀರಿ. ಆಗ ನನ್ನಂಥವನ ಪಕ್ಕ ನಿಲ್ಲೋಕೆ ನಿಮಗೆ ನಾಚಿಕೆ ಆಗ್ಬಾರ್ದಲ್ಲ."

ಯಕ್ಷಿತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಮುಗಿಸುವ ಮೊದಲೇ ಎದ್ದು ಹೋದದ್ದು ಅವಳಿಗೆ ಗೊತ್ತಿತ್ತು. ತನ್ನನ್ನು ಕಳೆದುಕೊಳ್ಳುವ ಭಯ ಒಬ್ಬನಿಗೆ ಇದ್ದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಿಂದೆಯೇ ಸಿಟ್ಟು ಬಂತು.

"ನನಗೆ ಬೇರೆ ದಾರಿ ಇಲ್ಲ ಅಂತ ಮಾಡಿಸ್ಕೊಳ್ತಿದ್ದೇನೆ. ನಿಮಗೆ ದಾರಿ ಉಂಟು. ನನಗೋಸ್ಕರ ಹೊಟ್ಟೆ ಕೊಯ್ಸಿಕೊಂಡವರ ಮುಖ ನಾನು ಹೇಗೆ ನೋಡ್ಲಿ? ಬಿಟ್ಟು ಹೋಗ್ತೇನೆ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳ್ಳಿಲ್ಲ." ಅವನ ಕಣ್ಣು ತುಂಬಿತ್ತು. "ಇರ್ತೇನೆ ಅಂತಲೂ ಯಾರೂ ಹೇಳ್ಳಿಲ್ಲ."

"ಈಗ ಹೇಳ್ತಿದ್ದೇನಲ್ಲ. ಇರ್ತೇನೆ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದಳು.

ಸಂಜೆ ಪ್ರಶಾಂತ ಡಾಕ್ಟರನ್ನು ಕಂಡು ತನ್ನ ಆಪರೇಷನ್ ಬೇಡವೆಂದ. "ಹೊಟ್ಟೆ ನಿಮ್ಮದು. ಕಾರಣವೂ ನಿಮ್ಮದೇ ಆಗಿರ್ಬೇಕು," ಎಂದರಷ್ಟೆ ಅವರು, ಬೈಯಲಿಲ್ಲ.

ಮರುದಿನ ಆಪರೇಷನ್ ಮುಗಿದು ಯಕ್ಷಿತಾಳಿಗೆ ಎಚ್ಚರವಾದಾಗ ಹೊಟ್ಟೆಯಲ್ಲಿ ಉರಿನೋವು. ಪಕ್ಕದಲ್ಲಿ ಪ್ರಶಾಂತ, ಕಣ್ಣು ಕೆಂಪು.

"ಅತ್ತದ್ದಾ?"

"ಎಸಿ ಗಾಳಿಗೆ."

"ಸುಳ್ಳು."

ಅವನು ಒದ್ದೆ ಹತ್ತಿಯಿಂದ ಅವಳ ಒಣಗಿದ ತುಟಿ ಒರೆಸಿದ. "ಮದುವೆ ಆಗ್ತೀಯಾ ನನ್ನನ್ನು?" ಮೊದಲ ಸಲ ಏಕವಚನ. ಬಿ.ಪಿ. ನೋಡುತ್ತಿದ್ದ ನರ್ಸ್ ಬೆಚ್ಚಿ ತಲೆಯೆತ್ತಿದಳು.

"ಮೊದಲು ಎದ್ದು ನಾಲ್ಕು ಹೆಜ್ಜೆ ನಡೀಬೇಕಂತೆ," ಎಂದಳು ಯಕ್ಷಿತಾ, ನೋವಿನಲ್ಲೂ ನಗುತ್ತಾ. "ಕೈ ಕೊಡು."