ಒಂಬತ್ತು ಮಾತಿನ ಗಂಟು

ಬಹಳ ಕಾಲದ ಹಿಂದೆ, ಕಡಲ ದಂಡೆಯಲ್ಲಿ ಹವಳದುರ್ಗ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಜನ ಒಂದು ದಿನ ಬೆಳಿಗ್ಗೆ ನಡೆಯಲು ಶುರುಮಾಡಿದವರು ಏಳು ತಿಂಗಳು ಕೂರಲೇ ಇಲ್ಲ. ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ, ನನಗೂ ಹೇಳಿ ಮುಗಿಸುವ ಅವಸರವಿದೆ.

ತುಂಬಳ ಎಂಬ ಗಾರುಡಿಗನೊಬ್ಬ ಹಬ್ಬದ ದಿನ ಬಯಲಲ್ಲಿ ಸೇರಿದ್ದ ಓಲಗಕ್ಕೆ ಬಂದ. ದೊರೆ ಕೆಂಚರಸನನ್ನು ನೋಡಿ, "ನಿನ್ನ ಸಿಂಹಾಸನದ ಮೇಲೆ ನನ್ನನ್ನ ಒಂದು ದಿನ ಕೂರಿಸು" ಎಂದ. ದೊರೆ ನಕ್ಕ. ದೊರೆ ನಕ್ಕನೆಂದು ಮಂತ್ರಿ ನಕ್ಕ, ಮಂತ್ರಿ ನಕ್ಕನೆಂದು ಊರೆಲ್ಲ ನಕ್ಕಿತು. ತುಂಬಳನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಯಾರೂ ಯಾವುದರ ಮೇಲೂ ಕೂರೋದು ಬೇಡ" ಎಂದು ತನ್ನ ಕಂಬಳಿಯನ್ನು ಬೀಸಿದ. ಜನರ ಬಾಯಿಂದ ಒಂಬತ್ತು ಮಾತುಗಳು ಹಾರಿ ಬಂದು ಆ ಕಂಬಳಿಗೆ ಬಿದ್ದವು. ಒಳಗೆ, ಹೊರಗೆ, ಮೇಲೆ, ಕೆಳಗೆ, ಹಿಂದೆ, ಮುಂದೆ, ನಡುವೆ, ಪಕ್ಕ, ಹತ್ತಿರ. ಅವನ್ನೆಲ್ಲ ಗಂಟು ಕಟ್ಟಿ, ಬೆನ್ನಿಗೆ ಹಾಕಿಕೊಂಡು ತುಂಬಳ ಬೆಟ್ಟದ ಕಡೆ ಹೋದ. ಇಲ್ಲಿ, ಅಲ್ಲಿ ಎಂಬ ಎರಡು ಮಾತನ್ನು ಮಾತ್ರ ಬಿಟ್ಟುಹೋದ.

ಹವಳದುರ್ಗದಲ್ಲಿ ಮಾತು ಹೋದರೆ ಆ ಮಾತಿನ ಕೆಲಸವೂ ಹೋಗುತ್ತಿತ್ತು. ಅಂಗಳದ ಒಲೆಯ ಮೇಲಿದ್ದ ಮಡಕೆ ಎದ್ದು ಬೀದಿಗೆ ನಡೆಯಿತು. ಸಿಂಹಾಸನ ನಡೆಯಿತು, ಅದರ ಬೆನ್ನಿಗೆ ದೊರೆ ಕಿರೀಟವನ್ನು ಕೈಯಲ್ಲಿ ಹಿಡಿದುಕೊಂಡು ಓಡಿದ. ಹೊರಗಿದ್ದವರು ಒಳಗೆ ಹೋಗಲಾರದಾದರು, ಒಳಗಿದ್ದವರು ಹೊರಗೆ ಬರಲಾರದಾದರು. ಹಡಗುಗಳು ರೇವಿನೊಳಗೆ ಬರಲಾಗದೆ ಕಡಲಲ್ಲೇ ಸುತ್ತು ಹೊಡೆಯತೊಡಗಿದವು. ಕೂರಬೇಕೆಂದರೆ ಯಾವುದರ ಮೇಲೂ ಆಗದು, ಮಲಗಬೇಕೆಂದರೂ ಆಗದು. ಜನ ನಡೆಯುತ್ತಲೇ ತೂಕಡಿಸಿದರು, ನಡೆಯುತ್ತಲೇ ಹಸಿ ಗೆಡ್ಡೆ ತಿಂದರು, ನಡೆಯುತ್ತಲೇ ಜಗಳವಾಡಿದರು. ನಾನು ಈಗ ಒಳಗೆ ಹೊರಗೆ ಎಂದು ಸಲೀಸಾಗಿ ಹೇಳುತ್ತಿದ್ದೇನೆ. ಆಗ ಯಾರ ಬಾಯಿಗೂ ಅದು ಬರುತ್ತಿರಲಿಲ್ಲ.

ಆ ಊರಲ್ಲಿ ಚಿಕ್ಕತಾಯಿ ಎಂಬ ಹೆಂಗಸು ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಕ್ಕಳು ಅವಳನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಅವಳ ಗಂಡ ಕಡಲಲ್ಲಿ ಸುತ್ತುತ್ತಿದ್ದ ಹಡಗೊಂದರಲ್ಲಿದ್ದ. ಅವಳ ಮೂರು ತಿಂಗಳ ಕೂಸು ಸಿಂಗಾರಿ, ತುಂಬಳ ಕಂಬಳಿ ಬೀಸಿದ ಗಳಿಗೆಯಲ್ಲಿ ಅಂಗಳದಲ್ಲಿ ತೊಟ್ಟಿಲೊಳಗೆ ಮಲಗಿತ್ತು. ತೊಟ್ಟಿಲು ನಾಲ್ಕು ಕಾಲೂರಿ ಎದ್ದು, ಕೂಸನ್ನು ಹೊತ್ತುಕೊಂಡೇ ನಡೆದುಬಿಟ್ಟಿತು.

ಅಂದಿನಿಂದ ಚಿಕ್ಕತಾಯಿ ತೊಟ್ಟಿಲ ಜೊತೆ ಓಡಿದಳು. ಓಡುತ್ತಲೇ ಬಟ್ಟೆಯ ತುದಿಯಿಂದ ಕೂಸಿನ ಬಾಯಿಗೆ ಹಾಲು ಹಿಂಡಿದಳು, ಓಡುತ್ತಲೇ ಜೋಗುಳ ಹಾಡಿದಳು. ಕೂಸನ್ನು ಎತ್ತಿಕೊಳ್ಳಲು ಹೋದರೆ ಕೈ ಜಾರುತ್ತಿತ್ತು. ಹೊರಗೆ ಎಂಬ ಮಾತು ಗಂಟಿನಲ್ಲಿತ್ತು, ಹಾಗಾಗಿ ಕೂಸು ಹೊರಗೆ ಬರುವಂತಿರಲಿಲ್ಲ. ತಿಂಗಳು ಕಳೆದಂತೆ ಕೂಸು ಬೆಳೆಯಿತು, ತೊಟ್ಟಿಲು ಬೆಳೆಯಲಿಲ್ಲ. ಹತ್ತು ತಿಂಗಳಾಗುವಾಗ ಸಿಂಗಾರಿಯ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಅಂಬೆಗಾಲಿಡಬೇಕಾದ ಮಗು, ಅಂಬೆಗಾಲಿಡಲು ಜಾಗವಿಲ್ಲ.

ಊರ ಸೂಲಗಿತ್ತಿ ತೊಟ್ಟಿಲ ಜೊತೆ ನಾಲ್ಕು ಹೆಜ್ಜೆ ಓಡಿ, ಕೂಸಿನ ಕಾಲು ಮುಟ್ಟಿ ನೋಡಿ ಹೇಳಿದಳು. "ಬರೋ ಅಮಾವಾಸ್ಯೆ ತನಕ ನೋಡು ತಾಯಿ. ಅದು ಕಳೆದ್ರೆ ಈ ಕಾಲು ನೆಟ್ಟಗಾಗಲ್ಲ."

ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಚಿಕ್ಕತಾಯಿಗೆ ಕೈಕಾಲೇ ಆಡಲಿಲ್ಲ. ಆದರೂ ಓಡಬೇಕಲ್ಲ, ಓಡಿದಳು.

ಮಾರನೆಯ ಬೆಳಿಗ್ಗೆ ಹಾಲಿನ ಮಡಕೆ ಒಲೆಯನ್ನು ಬಿಟ್ಟು ಏಳನೆಯ ಸಲ ಎದ್ದು ಹೊರಟಿತು. ಅವಳಿಗೆ ತಲೆ ಕೆಟ್ಟುಹೋಯಿತು. ಅವಳ ಅಪ್ಪ ರೇವಿನಲ್ಲಿ ಹಡಗಿಗೆ ಸರಕು ತುಂಬುವ ಕೆಲಸದವನು. ಹಡಗಿನವರದು ಇಂಗ್ಲಿಷ್ ಮಾತು. ಪೆಟ್ಟಿಗೆ ಎಲ್ಲಿಡಬೇಕೆಂದು ಅವರು ಕೂಗುತ್ತಿದ್ದ ಮೂರು ಸಣ್ಣ ಮಾತುಗಳು ಅಪ್ಪನಿಗೆ ಬಾಯಿಪಾಠ, ಅಪ್ಪನಿಂದ ಮಗಳಿಗೂ ಬಾಯಿಪಾಠ. ಸಿಟ್ಟಿನಲ್ಲಿ ಅವಳು ಅಪ್ಪನ ಹಾಗೆಯೇ ಗದರಿದಳು.

"ಆನ್!"

ಮಡಕೆ ಹಿಂತಿರುಗಿ ಬಂದು ಒಲೆಯ ಮೇಲೆ ಕೂತಿತು. ಒಂದು ಉಸಿರಿನಷ್ಟು ಹೊತ್ತು ಕೂತು, ಮತ್ತೆ ಎದ್ದು ಹೋಯಿತು.

ತುಂಬಳ ಊರಿನ ಮಾತನ್ನು ಕದ್ದಿದ್ದ. ಊರಲ್ಲಿ ಯಾರೂ ಆಡದ ಮಾತನ್ನು ಕದಿಯುವ ಗೋಜಿಗೆ ಹೋಗಿರಲಿಲ್ಲ.

ಚಿಕ್ಕತಾಯಿ ಸಿಂಹಾಸನದ ಬೆನ್ನಟ್ಟಿ ಓಡುತ್ತಿದ್ದ ದೊರೆಯನ್ನು ಹಿಡಿದು ವಿಷಯ ಹೇಳಿದಳು. ಒಬ್ಬಳ ಬಾಯಿಗೆ ಒಂದು ಉಸಿರು ನಿಂತರೆ, ಹಲವು ಬಾಯಿ ಸೇರಿದರೆ ಬಹಳ ಹೊತ್ತು ನಿಲ್ಲಬೇಕು. ದೊರೆ ಆಸ್ಥಾನ ಪಂಡಿತನನ್ನು ಕರೆಸಿ, "ಇದನ್ನ ಊರಿಗೆಲ್ಲ ಕಲಿಸಿ" ಎಂದ. ಪಂಡಿತ ಗಂಟಲು ಸರಿಮಾಡಿಕೊಂಡ. "ಎಲ್ಲರೂ ಕೇಳಿ. ಆನ್ ಎಂದರೆ..." ಎಂದ. ಮುಂದಿನ ಮಾತು ತುಂಬಳನ ಗಂಟಿನಲ್ಲಿತ್ತು. ಪಂಡಿತ ಬಾಯಿ ತೆರೆದವನು ತೆರೆದ ಹಾಗೆಯೇ ಮೂರು ಬೀದಿ ನಡೆದ.

ದೊಡ್ಡವರೆಲ್ಲ ಅದನ್ನೇ ಕೇಳಿದರು. "ಅರ್ಥ ಹೇಳಮ್ಮ, ಅರ್ಥ ಗೊತ್ತಾಗದೆ ಹ್ಯಾಗೆ ಕಲಿಯೋದು?" ಮಕ್ಕಳು ಮಾತ್ರ ಅರ್ಥ ಕೇಳಲಿಲ್ಲ. "ಏನ್ ಮಾಡ್ಬೇಕು ಅಕ್ಕೋರೇ?" ಎಂದು ಕೇಳಿದರು.

ಚಿಕ್ಕತಾಯಿ ತೊಟ್ಟಿಲ ಜೊತೆ ಓಡಲು ಸೂಲಗಿತ್ತಿಯನ್ನು ಬಿಟ್ಟು, ಆಲದ ಮರದ ಬುಡಕ್ಕೆ ಇಪ್ಪತ್ತೇಳು ಮಕ್ಕಳನ್ನು ಕರೆದುಕೊಂಡು ಹೋದಳು. ಒಂದು ತೆಂಗಿನ ಚಿಪ್ಪು, ಒಂದು ಮಣೆ, ಒಂದು ಹಳೆಯ ಮಂಚ, ಒಂದು ಹಿಡಿ ಹುಣಸೆಬೀಜ. ಅಷ್ಟೇ ಪಾಠದ ಸಾಮಾನು. ಅವು ನಡೆದುಹೋಗದಂತೆ ಹುರಿಹಗ್ಗದಿಂದ ಮರಕ್ಕೆ ಕಟ್ಟಿದಳು. ಬೀಜವನ್ನು ಚಿಪ್ಪಿಗೆ ಹಾಕಿ "ಇನ್" ಎಂದಳು. ಮಣೆಗೆ ಕುಂಡಿಯೂರಿ "ಆನ್" ಎಂದಳು. ಮಂಚದಡಿ ತೂರಿ "ಅಂಡರ್" ಎಂದು, ಎದ್ದು ಬರಲಾಗದೆ ಒದ್ದಾಡಿ, ಕೊನೆಗೆ ಮಕ್ಕಳು ಮಂಚವನ್ನೇ ಎತ್ತಿ ಅತ್ತ ಇಟ್ಟು ಅವಳನ್ನು ಬಿಡಿಸಬೇಕಾಯಿತು. ಅಂದಿನಿಂದ ಬೀಜವನ್ನಷ್ಟೇ ಮಂಚದಡಿಗೆ ತಳ್ಳಿ ಕಲಿಸಿದಳು. "ಮಾಡದೆ ಹೇಳ್ಬೇಡಿ, ಹೇಳದೆ ಮಾಡ್ಬೇಡಿ" ಎಂದಳು. ಎರಡು ದಿನಕ್ಕೆ ಮಕ್ಕಳಿಗೆ ಬಂತು, ಐದು ವರ್ಷದ ಸುಬ್ಬಿಗೆ ಒಂದೇ ದಿನಕ್ಕೆ ಬಂತು. ಅವಳು ಉಳಿದವರಿಗೆ ಕಲಿಸುತ್ತ ಗದರುವುದನ್ನೂ ಕಲಿತಳು.

ಮೊದಲ ಪರೀಕ್ಷೆ ಒಲೆಯದು. ಇಪ್ಪತ್ತೇಳು ಬಾಯಿ ಒಟ್ಟಿಗೆ "ಆನ್" ಎಂದವು. ಊರಿನ ಮಡಕೆಗಳೆಲ್ಲ ಓಡಿ ಬಂದು ಒಲೆಯ ಮೇಲೆ ಕೂತವು, ಒಂದು ಜಾವ ಅಲುಗಲಿಲ್ಲ. ಏಳು ತಿಂಗಳ ಮೇಲೆ ಜನ ಬಿಸಿ ಗಂಜಿ ಕುಡಿದರು. ದೊರೆ ನಿಂತುಕೊಂಡೇ ಕುಡಿದು ಕಣ್ಣೊರೆಸಿಕೊಂಡ.

ಎರಡನೆಯ ಪರೀಕ್ಷೆ ಹುಲಿಯದು. ಮಾತಾಡುವ ಹುಲಿಯೊಂದು ಗುಹೆಗೆ ಹೋಗಲಾಗದೆ ಊರ ಸುತ್ತ ಅಲೆಯುತ್ತಿತ್ತು. ಅದು ಆಲದ ಮರಕ್ಕೇ ಬಂತು. ಮಕ್ಕಳು ಮರದ ಮರೆಗೆ ಸರಿದರು. ಹುಲಿ, "ತಿನ್ನೋಕೆ ಬಂದಿಲ್ಲ ಮಕ್ಕಳೇ, ಕಾಲು ಬಿದ್ದುಹೋಗ್ತಿದೆ. ನನ್ನ ಮನೆ ಸೇರಿಸಿ" ಎಂದು ಅಂಗಲಾಚಿತು. ಸುಬ್ಬಿ ಗುಹೆಯ ಕಡೆ ಕೈ ತೋರಿಸಿ ಎಣಿಸಿದಳು, ಒಂದು, ಎರಡು, ಮೂರು. "ಇನ್!" ಹುಲಿ ಗುಹೆಯೊಳಗೆ ಹೋಗಿ ಬಿದ್ದುಕೊಂಡು ಗೊರಕೆ ಹೊಡೆಯಿತು. ಮಾರನೆಯ ದಿನ ಗುಹೆಯಿಂದ ಅಳು ಕೇಳಿಸಿತು. "ಹಸಿವಾಗ್ತಿದೆ, ಬರೋಕಾಗ್ತಿಲ್ಲ." ಒಳಗೆ ಹೋಗುವ ಮಾತು ಮಕ್ಕಳಲ್ಲಿತ್ತು, ಹೊರಗೆ ಬರುವ ಮಾತು ಇರಲಿಲ್ಲ. ಪಾಪ, ಹುಲಿಗೆ ಊಟ ಎಸೆಯುವ ಕೆಲಸ ಮಕ್ಕಳ ಪಾಲಿಗೆ ಬಂತು.

ಮೂರನೆಯ ಪರೀಕ್ಷೆ ತೊಟ್ಟಿಲದು. ಅಮಾವಾಸ್ಯೆಗೆ ಆಗ ಮೂರು ದಿನ ಉಳಿದಿತ್ತು. ತೊಟ್ಟಿಲು ಬೀದಿಯ ತಿರುವಿನಲ್ಲಿ ಬರುತ್ತಲೇ ಮಕ್ಕಳು ನೆಲ ತೋರಿಸಿ "ಆನ್" ಎಂದರು. ತೊಟ್ಟಿಲು ನಿಂತಿತು. ಚಿಕ್ಕತಾಯಿ ಕೈ ಚಾಚಿದಳು. ಕೈ ಜಾರಿತು. ಎರಡನೆಯ ಸಲ ಚಾಚಿದಳು, ಜಾರಿತು. ಮೂರನೆಯ ಸಲವೂ ಜಾರಿತು. ತೊಟ್ಟಿಲನ್ನು ಬೋರಲು ಹಾಕಿದರೂ ಕೂಸು ಬೀಳಲಿಲ್ಲ, ಕಿರುಚಿ ಅತ್ತಿತಷ್ಟೇ.

"ಇದಕ್ಕೂ ಒಂದು ಮಾತಿರ್ಬೇಕಲ್ಲ ಅಕ್ಕೋರೇ?" ಎಂದಳು ಸುಬ್ಬಿ.

"ಇರತ್ತೆ ಮಗಾ. ನಮ್ಮಪ್ಪ ಹಡಗು ತುಂಬ್ತಿದ್ದ. ಖಾಲಿ ಮಾಡೋ ಕೆಲಸ ಹಡಗಿನವರದೇ. ಆ ಮಾತು ನಂಗೆ ಗೊತ್ತಿಲ್ಲ."

ಮಕ್ಕಳು ಕಡಲ ಕಡೆ ತಿರುಗಿ ಹಡಗಿನವರನ್ನು ಕೂಗಿದರು. ಅಷ್ಟು ದೂರಕ್ಕೆ ದನಿ ಮುಟ್ಟಲಿಲ್ಲ. ಜಾವ ಮುಗಿಯಿತು, ತೊಟ್ಟಿಲು ಎದ್ದು ನಡೆಯಿತು. ಕೂಸು ತಾಯಿಯ ಕಡೆ ಕೈ ನೀಡಿಕೊಂಡೇ ಹೋಯಿತು. ಚಿಕ್ಕತಾಯಿ ಅಂದು ಮಕ್ಕಳೆದುರೇ ಅತ್ತಳು.

ಮರುದಿನ ಆಲದ ಮರಕ್ಕೆ ಒಬ್ಬ ಬಂದ. ಬೆನ್ನು ಬಿಲ್ಲಿನಂತೆ ಬಾಗಿತ್ತು, ಕಾಲು ಬಾತುಕೊಂಡಿತ್ತು, ಬೆನ್ನಿಗೆ ಕಂಬಳಿಯ ಗಂಟು. ತುಂಬಳ.

ಕದಿಯುವಾಗ ಅವನು ಒಂದನ್ನು ಯೋಚಿಸಿರಲಿಲ್ಲ. ಮೇಲೆ, ಕೆಳಗೆ ಎಲ್ಲವನ್ನೂ ಗಂಟು ಕಟ್ಟಿದ ಮೇಲೆ ಆ ಗಂಟನ್ನು ಯಾವುದರ ಮೇಲೆ ಇಳಿಸುವುದು? ಏಳು ತಿಂಗಳು ಅದನ್ನು ಹೊತ್ತೇ ಬೆಟ್ಟ ಸುತ್ತಿದ್ದ. ಗಂಟು ಬಿಚ್ಚಲೋ, ಜಂಭ ಬಿಡದು. ಮಡಕೆಗಳು ಕೂತ ಸುದ್ದಿ ಕೇಳಿ ಇಳಿದುಬಂದಿದ್ದ.

"ಕೂರೋ ಮಾತು ಕಲಿಸು. ಇಲ್ಲದಿದ್ರೆ ಈ ಮಕ್ಕಳನ್ನ ಕಪ್ಪೆ ಮಾಡ್ತೀನಿ" ಎಂದ.

ಚಿಕ್ಕತಾಯಿ ಗಂಟನ್ನು ನೋಡಿದಳು. ಅವಳ ಕೂಸಿಗೆ ಬೇಕಾದ ಮಾತು ಅವನ ಬೆನ್ನಿನಲ್ಲಿತ್ತು. ಪಾಠ ಹೇಳುವ ದನಿಯಲ್ಲೇ ಹೇಳಿದಳು. "ಕಲಿಸ್ತೀನಿ. ಆದ್ರೆ ನಮ್ಮ ಶಾಲೇಲಿ ಮಾಡದೆ ಹೇಳೋ ಹಾಗಿಲ್ಲ. ಮೂರು ಪಾಠ, ಮೂರನ್ನೂ ಮಾಡ್ಬೇಕು. ಸುಬ್ಬಿ, ಇವರಿಗೆ ಕಲಿಸು."

ಸುಬ್ಬಿ ಸೊಂಟಕ್ಕೆ ಕೈ ಇಟ್ಟುಕೊಂಡಳು. "ಬೀಜ ತಗೋ. ಚಿಪ್ಪಿಗೆ ಹಾಕು. ಹೇಳು, ಇನ್."

"ಇನ್" ಎಂದ ತುಂಬಳ. ಬೀಜ ಚಿಪ್ಪಿನೊಳಗೆ ಉಳಿಯಿತು.

"ಮಣೆ ನೋಡು. ಕೂತ್ಕೋ. ಹೇಳು, ಆನ್."

"ಆನ್" ಎಂದು ತುಂಬಳ ಮಣೆಯ ಮೇಲೆ ಕೂತ. ಮಕ್ಕಳೂ ದನಿಗೂಡಿಸಿದರು. ಏಳು ತಿಂಗಳ ಮೇಲೆ ಮೊದಲ ಸಲ ಅವನ ಕಾಲಿಗೆ ಬಿಡುವು ಸಿಕ್ಕಿತು. ಅವನು ಕಣ್ಣು ಮುಚ್ಚಿ "ಅಬ್ಬಾ" ಎಂದ. ಎದ್ದು ಹೋಗಿಬಿಟ್ಟಾನೇನೋ ಎಂದು ಚಿಕ್ಕತಾಯಿ ಹೆದರಿದಳು. ಆದರೆ ಕಲಿಯುವ ಆಸೆ ಅವನಿಗೂ ಹತ್ತಿತ್ತು.

"ಮೂರನೇದು?" ಎಂದ.

"ಮಂಚ ನೋಡು. ತೂರ್ಕೋ. ಹೇಳು, ಅಂಡರ್."

ತುಂಬಳ ಬಗ್ಗಿದ. ಗಂಟು ಮಂಚದ ಪಟ್ಟಿಗೆ ಬಡಿಯಿತು. ಓರೆಯಾಗಿ ಬಗ್ಗಿದ, ಮತ್ತೆ ಬಡಿಯಿತು. ಮಕ್ಕಳು ಕಿಸಕ್ಕೆಂದು ನಕ್ಕರು. ಅವನ ಮುಖ ಮತ್ತೆ ಕಪ್ಪಿಟ್ಟಿತು.

"ನಗ್ಬೇಡ್ರೋ, ಅವ್ರು ಹೊಸಬರು" ಎಂದು ಸುಬ್ಬಿ ಗದರಿದಳು. ಆಮೇಲೆ ಅವನಿಗೆ, "ಗಂಟನ್ನ ಮಣೆಗೆ ಇಡು. ಈಗ ಕಲಿತ್ಯಲ್ಲ, ಅದೇ ಮಾತು" ಎಂದಳು.

"ಆನ್" ಎಂದ ತುಂಬಳ. ಮಕ್ಕಳೂ ಮತ್ತೆ ದನಿಗೂಡಿಸಿದರು. ಗಂಟು ಅವನ ಬೆನ್ನಿಳಿದು ಮಣೆಯ ಮೇಲೆ ಕೂತಿತು. ಹಗುರಾದ ಬೆನ್ನು ನೆಟ್ಟಗೆ ಮಾಡಿ, ಮಂಚದಡಿ ಸಲೀಸಾಗಿ ತೂರಿ, "ಅಂಡರ್! ನೋಡಿ, ಬಂತು!" ಎಂದು ಹೆಮ್ಮೆಯಿಂದ ಕೂಗಿದ.

ಚಿಕ್ಕತಾಯಿ ಗಂಟಿಗೆ ಕೈ ಹಾಕಿದಳು. ತುಂಬಳ ಅದನ್ನು ನೋಡಿ ಚಂಗನೆ ಏಳಲು ಹೋದ, ತಲೆ ಮಂಚಕ್ಕೆ ಬಡಿಯಿತು. ತೆವಳಿದ, ಜಾರಿದ. ಮಂಚ ಎತ್ತಲು ನೋಡಿದ, ಅಷ್ಟರಲ್ಲಿ ಇಪ್ಪತ್ತೇಳು ಮಕ್ಕಳು "ಆನ್" ಎನ್ನುತ್ತ ಮಂಚ ಹತ್ತಿ ಕೂತಿದ್ದರು. ಮಂಚದಡಿಯಿಂದ ಹೊರಗೆ ಬರಲು ಬೇಕಾದ ಮಾತನ್ನು ಅವನೇ ತನ್ನ ಕೈಯಾರೆ ಗಂಟು ಕಟ್ಟಿದ್ದ. ಕಪ್ಪೆ ಮಾಡುವ ಮಂತ್ರವೂ ಆ ಕಂಬಳಿಯಲ್ಲೇ ಇತ್ತು.

ಗಂಟು ಬಿಗಿಯಾಗಿತ್ತು. ಚಿಕ್ಕತಾಯಿ ಉಗುರು ಹಾಕಿದಳು, ಉಗುರು ಮುರಿಯಿತು. ಹಲ್ಲು ಹಾಕಿದಳು, ಬಿಚ್ಚಿತು. ಮೊದಲು ಬಂದ ಮಾತು 'ಹೊರಗೆ'. ಅದು ಬಾರದೆ ಉಳಿದವು ಬರುವಂತಿರಲಿಲ್ಲ. ಅದು ನೇರ ಅವಳ ಬಾಯಿಗೆ ಬಂತು. ಉಳಿದ ಎಂಟನ್ನು ನೋಡಲು ಅವಳು ನಿಲ್ಲಲಿಲ್ಲ, ಬೀದಿಗೆ ಓಡಿದಳು.

ತೊಟ್ಟಿಲು ರೇವಿನ ದಾರಿಯಲ್ಲಿ ಹೋಗುತ್ತಿತ್ತು. ಜೊತೆಗೆ ಓಡುತ್ತ ಅವಳು ಕೈ ಚಾಚಿದಳು. "ಹೊರಗೆ ಬಾ ನನ್ನಮ್ಮಾ, ಹೊರಗೆ ಬಾ" ಎಂದಳು. ಕೈ ಜಾರಲಿಲ್ಲ. ಕೂಸು ಹೊರಗೆ ಬಂತು. ಖಾಲಿ ತೊಟ್ಟಿಲು ನಾಲ್ಕು ಹೆಜ್ಜೆ ನಡೆದು, ಇನ್ನು ಯಾಕೆ ನಡೆಯಬೇಕೆಂದು ತಿಳಿಯದೆ ನಿಂತುಬಿಟ್ಟಿತು. ಚಿಕ್ಕತಾಯಿ ಬೀದಿಯ ನಡುವೆ, ಮಣ್ಣಿನ ಮೇಲೆ ಕೂತುಬಿಟ್ಟಳು. ಕೂಸಿನ ಕಾಲನ್ನು ಮೆಲ್ಲಗೆ ನೀವಿದಳು. ಒಂದು ಕಾಲು ನೆಟ್ಟಗಾಯಿತು, ಇನ್ನೊಂದು ಕಾಲೂ ನೆಟ್ಟಗಾಯಿತು. ಸಿಂಗಾರಿ ತನ್ನ ಕಾಲನ್ನೇ ಯಾರದೋ ಎಂಬಂತೆ ನೋಡಿತು.

ಊರೆಲ್ಲ ಇದ್ದಲ್ಲೇ ಕುಸಿದು ಕೂತಿತು. ಮಡಕೆ ಒಲೆಯ ಮೇಲೆ, ಕಿರೀಟ ತಲೆಯ ಮೇಲೆ, ಹಡಗು ರೇವಿನ ಒಳಗೆ. ಸಿಂಗಾರಿಯ ಅಪ್ಪ ಹಡಗಿನಿಂದ ಹಾರಿ ಬಂದ. ಹುಲಿ ಗುಹೆಯಿಂದ ಹೊರಬಂದು ಮಕ್ಕಳಿಗೆ ನಮಸ್ಕಾರ ಹೇಳಿ ಕಾಡಿಗೆ ಹೋಯಿತು. ಕಂಬಳಿ ಕಳೆದುಕೊಂಡ ತುಂಬಳ ಮಂಚದಡಿಯಿಂದ ತೆವಳಿ ಬಂದು, ಯಾರು ಬೈದರೂ ಕಿವಿಗೊಡದೆ, ಮತ್ತೆ ಮಣೆಯ ಮೇಲೆ ಹೋಗಿ ಕೂತ. ದೊರೆಗೂ ಅವನನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ಇನ್ನು ಮುಂದೆ ಮಕ್ಕಳ ಹುಣಸೆಬೀಜ ಆಯ್ದು ಕೊಡುವುದೇ ಅವನ ಕೆಲಸ ಎಂದು ಸುಬ್ಬಿ ತೀರ್ಪು ಕೊಟ್ಟಳು, ಅವನು ತಕರಾರಿಲ್ಲದೆ ಒಪ್ಪಿದ.

ಹಡಗಿನವರನ್ನು ಕೇಳಿ ಮಕ್ಕಳು ಆ ನಾಲ್ಕನೆಯ ಮಾತನ್ನೂ ಕಲಿತರು, ಔಟ್. ಹವಳದುರ್ಗದ ಶಾಲೆಯಲ್ಲಿ ಅಂದಿನಿಂದ ಎಲ್ಲಕ್ಕಿಂತ ಮೊದಲು ಕಲಿಸುವುದು ಅದನ್ನೇ. ಎಲ್ಲವೂ ಇಟ್ಟಲ್ಲೇ ಇದ್ದು, ಎಲ್ಲರೂ ಕೂತಲ್ಲಿ ಸುಖವಾಗಿದ್ದರು. ಸಿಂಗಾರಿ ಮಾತ್ರ ಒಂದು ಕಡೆ ಕೂರಲಿಲ್ಲ. ಅಮಾವಾಸ್ಯೆಯ ದಿನ ಬೆಳಿಗ್ಗೆ ಅಂಬೆಗಾಲಿಟ್ಟು ಹೊಸಿಲು ದಾಟಿದಳು, ಚಿಕ್ಕತಾಯಿ ಮತ್ತೆ ಅವಳ ಹಿಂದೆ ಓಡಿದಳು.