ಯಶೋದಮ್ಮನವರ ಜಡೆ

ಮಧ್ಯಾಹ್ನ ಕೆಳಗಿನ ಹಾಲ್‌ನಲ್ಲಿ ವ್ಯಾಯಾಮ ಮುಗಿಸಿ ರೂಮಿಗೆ ಬಂದರೆ ಯಶೋದಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ದಿಂಬಿನ ಮೇಲೆ ಅವರ ಜಡೆ ಇರಲಿಲ್ಲ.

ಹೊದಿಕೆಯೊಳಗೆ ಸಿಕ್ಕಿಕೊಂಡಿರಬೇಕು ಅಂತ ಸರಿಸಿ ನೋಡಿದೆ. ಕತ್ತಿನ ಹತ್ತಿರ ಬರೀ ಮೋಟು ಕೂದಲು. ಮೊಣಕಾಲು ಮುಟ್ಟುತ್ತಿದ್ದ ಆ ಬಿಳಿ ಜಡೆಯನ್ನು ಯಾರೋ ಬುಡಕ್ಕೇ ಕತ್ತರಿಸಿ ಒಯ್ದಿದ್ದರು. ದಿಂಬು ಒದ್ದೆಯಾಗಿತ್ತು. ಮುದುಕಿ ಅತ್ತಿರಬೇಕು ಅಂದುಕೊಂಡೆ. ಮೋಟು ಕೂದಲಿಗೂ ಕತ್ತಿಗೂ ಬೆವರುಸಾಲೆಗೆ ಹಚ್ಚುವ ಔಷಧದಂಥದ್ದೇನೋ ಒಣಗಿ ಅಂಟಿತ್ತು. ಅದನ್ನೆಲ್ಲ ಯೋಚಿಸುವ ತಾಳ್ಮೆ ನನಗೆಲ್ಲಿ? ಇದನ್ನು ಮಾಡಿದವರ ಕೈ ಸೇದಿಹೋಗಲಿ ಅಂತ ಶಪಿಸುತ್ತಲೇ ಗಂಟೆ ಒತ್ತಿದೆ.

ನಾನು ಜಯಶೀಲ. ಶ್ರೀಗಂಧದ ಕಾವಲ್‌ನ ಈ ಹಿರಿಯರ ನಿವಾಸದಲ್ಲಿ ಯಶೋದಮ್ಮನವರ ಜೊತೆ ಒಂದೇ ರೂಮಿನಲ್ಲಿರುವವಳು. ಯಶೋದಮ್ಮ ಮಲ್ಲತ್ತಹಳ್ಳಿಯ ಹಳೇ ಗೌಡರ ಮನೆಯವರು. ಬಂದ ಹೊಸದರಲ್ಲಿ ಬಾಯಿ ಬಲು ಜೋರು. ಮಂಚದ ಪಕ್ಕದಲ್ಲಿ ಬೆಟ್ಟದ ಮೇಲೆ ತೆಗೆಸಿದ ಒಂದು ಫೋಟೋ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ಅದನ್ನು ತೋರಿಸಿ, ಮಗನ ಜೀವ ಉಳಿಸಿದ ಹರಕೆ ಅಂತ ಹೇಳಿ ಹೇಳಿ ನನ್ನ ತಲೆ ತಿಂದಿದ್ದರು. ಆಮೇಲೆ ಲಕ್ವ ಹೊಡೆದು ಬಲಗೈಯೂ ಹೋಯಿತು, ಮಾತೂ ಹೋಯಿತು. ಉಳಿದದ್ದು ಎಡಗೈ, ಆ ಜಡೆ, ಮತ್ತು ಅದನ್ನು ದಿನವೂ ಬಾಚಿ ಹೆಣೆಯುತ್ತಿದ್ದ ಭಾಗವ್ವ.

ಭಾಗವ್ವ ನಮ್ಮ ಕೇರ್‌ಟೇಕರ್. ಕೊಪ್ಪಳದ ಕಡೆಯವಳು.

ಮ್ಯಾನೇಜರ್ ರವಿಕುಮಾರ್ ಓಡಿ ಬಂದ. ಬಾಚುವುದರಲ್ಲೇ ಕೆಲಸದವರ ಹೊತ್ತು ಹೋಗುತ್ತದೆ, ಹೆಂಗಸರೆಲ್ಲ ಕೂದಲು ಗಿಡ್ಡ ಮಾಡಿಸಿಕೊಳ್ಳಿ ಅಂತ ಹೋದ ತಿಂಗಳು ಹೇಳಿದ್ದವನೇ ಇವನು. ಆಗ ಯಶೋದಮ್ಮ ಎಡಗೈಯಲ್ಲೇ ಲೋಟ ಬೀಸಿ ಎಸೆದಿದ್ದರು. ಹಾಗಾಗಿ ನನ್ನ ಅನುಮಾನವೆಲ್ಲ ಇವನ ಮೇಲೆಯೇ. ಆದರೆ ಅವನು ಬಲು ಚಾಲಾಕಿ. ಗಂಟೆ ಕೇಳಿ ಬಂದಿದ್ದ ಭಾಗವ್ವನ ಕೋಟಿನ ಜೇಬಿಗೆ ಕೈ ಹಾಕಿ ಬ್ಯಾಂಡೇಜ್ ಕತ್ತರಿಸುವ ಕತ್ತರಿ ಹೊರಗೆಳೆದ. ಯಶೋದಮ್ಮನ ಮುಂದೆ ಬಗ್ಗಿ, ಭಾಗವ್ವನೇ ಕತ್ತರಿಸಿದ್ದಾ ಅಂತ ಕೇಳಿದ. ಅವರು ಹೌದೆಂದು ತಲೆ ಆಡಿಸಿದರು.

ಅಲ್ಲಿಗೆ ಭಾಗವ್ವನ ಕಥೆ ಮುಗಿಯಿತು.

ಫೋನ್ ಹೋದ ಸ್ವಲ್ಪ ಹೊತ್ತಿಗೆ ಮಗ ಭೈರೇಶ್, ಸೊಸೆ ಮಾನಸ ಕಾರಿನಲ್ಲಿ ಬಂದಿಳಿದರು. ಮಾನಸ ಊಟದ ಹಾಲ್‌ನಲ್ಲಿ ಎಲ್ಲರೆದುರು ಭಾಗವ್ವನನ್ನು ಕಳ್ಳಿ ಅಂದಳು. ಬೀದಿಯಲ್ಲಿ ಕೂದಲು ಕೊಳ್ಳುವವರಿಗೆ ಮಾರಿದ್ದಾಳೆ, ಸಂಜೆಯೊಳಗೆ ಪೊಲೀಸ್ ಕಂಪ್ಲೇಂಟ್ ಆಗಬೇಕು, ಇನ್ನು ಯಾವ ಮನೆಯವರೂ ಇವಳನ್ನು ಕೆಲಸಕ್ಕೆ ಸೇರಿಸಬಾರದು ಅಂತ ಹಟ ಹಿಡಿದಳು.

"ಕತ್ತರಸೂದ ಇದ್ರ ದಿನಾ ಯಾಕ್ರೀ ಬಾಚತಿದ್ದೆ?" ಅಂದಳು ಭಾಗವ್ವ.

ನಾನು ಸೀದಾ ದೊಡ್ಡಣ್ಣನವರ ರೂಮಿಗೆ ಹೋದೆ. ದೊಡ್ಡಣ್ಣ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಸೊಂಟ ಮುರಿದುಕೊಂಡ ಮೇಲೆ ವಾಕರ್ ಹಿಡಿದೇ ಓಡಾಟ. ಎಲ್ಲ ಕೇಳಿಸಿಕೊಂಡು, ಕಂಪ್ಲೇಂಟ್ ಆಮೇಲೆ ಬರೆಯಲಿ, ಮೊದಲು ಎಲ್ಲರೂ ನಿಮ್ಮ ರೂಮಿಗೆ ಬರಲಿ ಅಂದರು.

ಬಂದವರೇ ಯಶೋದಮ್ಮನ ಹತ್ತಿರ ಕೂತು ಮೆಲ್ಲಗೆ ಕೇಳಿದರು — "ಯಶೋದಮ್ಮ, ನಿಮ್ಮ ಜಡೆ ಕತ್ತರಿಸಿದ್ದು ನಾನೇ ಅಲ್ವಾ?"

ಯಶೋದಮ್ಮ ಹೌದೆಂದು ತಲೆ ಆಡಿಸಿದರು.

ರವಿಕುಮಾರನ ಮುಖ ಸಪ್ಪಗಾಯಿತು. ಲಕ್ವ ಹೊಡೆದ ಮೇಲೆ ಅವರು ಏನು ಕೇಳಿದರೂ ಹೀಗೇ ತಲೆ ಆಡಿಸುತ್ತಾರೆ, ಇಷ್ಟು ದಿನ ನೋಡಿಕೊಳ್ಳುವವರಿಗೆ ಅದು ಗೊತ್ತಿರಬೇಡವಾ ಅಂತ, ನನಗೂ ಅದು ಆಗಷ್ಟೇ ಹೊಳೆದಿದ್ದರೂ, ನಾಲ್ಕು ಬಿಟ್ಟೆ. ಅಷ್ಟರಲ್ಲಿ ಯಶೋದಮ್ಮ ಎಡ ಅಂಗೈಯನ್ನು ನೆತ್ತಿಯ ಮೇಲಿಟ್ಟು ಗುಂಡಗೆ ಉಜ್ಜತೊಡಗಿದರು. ಮಧ್ಯಾಹ್ನದಿಂದ ಇದೇ ಆಗಿತ್ತು. ನವೆ ಅಂತ ಮಾನಸ ಆ ಕೈ ಹಿಡಿದು ಕೆಳಗಿಟ್ಟಳು. ಅವರು ಮತ್ತೆ ಎತ್ತಿದರು.

ದೊಡ್ಡಣ್ಣ ಆ ಕೈಯನ್ನೇ ನೋಡುತ್ತಾ ರವಿಕುಮಾರನ ಕಡೆ ತಿರುಗಿದರು. ಇಲ್ಲಿ ಕತ್ತರಿಸಿದ ಕೂದಲು ಎಲ್ಲಿಗೆ ಹೋಗುತ್ತದೆ? ಕಸದ ಬುಟ್ಟಿಗೆ, ಅಂದ ಅವನು. ಹಾಗಾದರೆ ಈ ಜಡೆ ಬುಟ್ಟಿಯಲ್ಲಿ ಯಾಕಿಲ್ಲ? ಹಾಗೆ ಕೇಳಿ ಬಾಗಿಲಲ್ಲಿದ್ದ ಭಾಗವ್ವನ ಕಡೆ ತಿರುಗಿದರು.

"ಭಾಗವ್ವ, ನಿಮ್ಮ ಕಡೆ ದೇವರ ಹೆಸರಲ್ಲಿ ತಲೆಗೆ ಏನು ಹಚ್ತಾರೆ?"

"ಭಂಡಾರರೀ, ಅರಿಷಿಣದ ಪುಡಿ. ನಮ್ಮ ಹುಲಿಗೆಮ್ಮಗ ಭಂಡಾರನ."

"ಗಂಧ?"

"ಇಲ್ರೀ."

ಆಮೇಲೆ ಮಾನಸಳ ಸರದಿ. "ಮಧ್ಯಾಹ್ನ ನೀವು ಬಂದಿದ್ರಂತಲ್ಲಮ್ಮ, ಗೇಟಿನೋನು ಹೇಳ್ದ?"

"ಹೌದು ಸಾರ್, ಅವರೆಕಾಳು ಸಾರು ತಂದಿದ್ದೆ. ಅತ್ತೆ ಮಲಗಿದ್ರು. ಬಾಗಿಲಲ್ಲೇ ನೋಡಿ ಹೊರಟುಹೋದೆ."

"ಒಳಗೆ ಬರಲೇ ಇಲ್ಲ?"

"ಇಲ್ಲ."

ದೊಡ್ಡಣ್ಣ ಯಶೋದಮ್ಮನ ಕತ್ತಿನ ಹತ್ತಿರ ಬಗ್ಗಿ ಮೂಸಿದರು. "ಜಯಶೀಲಮ್ಮ, ಬೆಳಿಗ್ಗೆ ನೀವು ತೇಯ್ದ ಗಂಧ ಎಲ್ಲಿ?"

ದಿನಾ ದೇವರ ಫೋಟೋಗೆ ಗಂಧ ತೇಯುವವಳು ನಾನು. ಕಿಟಕಿಯ ಮೇಲಿನ ಬಟ್ಟಲು ತೆಗೆದು ನೋಡಿದೆ. ಬಳಿದು ಖಾಲಿ ಮಾಡಿದ್ದರು. ರೂಮಿನಲ್ಲಿ ಯಾವಾಗಲೂ ಇದೇ ವಾಸನೆ ಇರುವುದರಿಂದ ನನ್ನ ಮೂಗಿಗೆ ವ್ಯತ್ಯಾಸ ತಿಳಿದಿರಲಿಲ್ಲ. ಕತ್ತಿನ ಮೇಲೆ ಒಣಗಿದ್ದು ಔಷಧವಲ್ಲ, ನನ್ನದೇ ಗಂಧ.

"ದ್ವೇಷಕ್ಕೆ ಕೂದಲು ಕತ್ತರಿಸೋರು ಕತ್ತರಿಸಿ ಓಡಿ ಹೋಗ್ತಾರೆ," ಅಂದರು ದೊಡ್ಡಣ್ಣ. "ಇಲ್ಲಿ ಬಂದೋರು ಮೊದಲು ತಲೆಗೆ ನೀರು ಚಿಮುಕಿಸಿದ್ದಾರೆ, ದಿಂಬು ಅದಕ್ಕೇ ಒದ್ದೆ. ಆಮೇಲೆ ಕತ್ತರಿಸಿದ್ದಾರೆ. ಕೊನೇಲಿ ಗಂಧ ಬಳಿದಿದ್ದಾರೆ. ಇದು ಮುಡಿ ಕೊಡೋ ಕ್ರಮ. ಪಾಪ, ಯಶೋದಮ್ಮ ಆಗಿನಿಂದ ತಲೆ ಉಜ್ಜಿ ತೋರಿಸ್ತಾ ಇದ್ದದ್ದೂ ಅದನ್ನೇ. ತಲೆಗೆ ತಣ್ಣಗೆ ಗಂಧ ಬಿದ್ದಾಗ ಅವರಿಗೆ ಎಚ್ಚರ ಆಗಿದೆ."

ಮಂಚದ ಪಕ್ಕದ ಫೋಟೋ ಎತ್ತಿ ಎಲ್ಲರಿಗೂ ಹಿಡಿದರು. ನಾನು ನೂರು ಸಲ ನೋಡಿದ್ದ ಫೋಟೋ. ಕೈಗೆ ಪಟ್ಟಿ ಕಟ್ಟಿಕೊಂಡ ಭೈರೇಶ್, ಪಕ್ಕದಲ್ಲಿ ಬೀಗುತ್ತಿರುವ ಯಶೋದಮ್ಮ. ನಡುವೆ ಒಬ್ಬಳು ಎಳೇ ಹುಡುಗಿ, ಬೋಳು ತಲೆಯ ತುಂಬ ಗಂಧ. ಅವಳ ಮುಖವನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದರೆ, ಮಾನಸ.

"ಭೈರೇಶ್, ಮುಡೀನ ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ನೀರಿಗೆ ಬಿಡಬೇಕು. ನಿಮ್ಮ ಮನೆಯೋರಿಗೆ ಇನ್ನೂ ಅದಕ್ಕೆ ಹೊತ್ತು ಸಿಕ್ಕಿಲ್ಲ ಅನ್ಸುತ್ತೆ. ಕಾರಲ್ಲಿ ನೋಡಿ ಬನ್ನಿ."

ಭೈರೇಶ್ ಹೆಂಡತಿಯ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ. ಕೆಳಗೆ ಹೋದವನು ಹಳದಿ ಬಟ್ಟೆಯ ಗಂಟೊಂದನ್ನು ಹಿಡಿದು ಬಂದ. ಬಿಳಿ ಜಡೆಯ ತುದಿ ಹೊರಗೆ ಇಣುಕುತ್ತಿತ್ತು.

ಮಾನಸ ಅಳಲಿಲ್ಲ. "ನನ್ನ ಒಂದು ಮಾತು ಕೇಳಿದ್ರಾ ಅವತ್ತು?" ಅಂದಳು. "ಇವರ ಮಗನಿಗೆ ಆಕ್ಸಿಡೆಂಟ್ ಆಯ್ತು. ಹರಕೆ ಹೊತ್ತಿದ್ದು ಇವರು, ಕೂದಲು ನಂದು. ಬೇಡ ಅಂತ ಅಳ್ತಾನೇ ಇದ್ದೆ. ಇವರೇ ನನ್ನ ಕತ್ತು ಬಗ್ಗಿಸಿ ಹಿಡ್ಕೊಂಡ್ರು. ಅದರ ಮುಂದಿನ ವಾರವೇ ನನ್ನ ತಂಗಿ ಮದುವೆ ಇತ್ತು. ಹೂವು ಹಂಚೋಳು ನನ್ನ ಮುಂದೆ ಬಂದು, ಎಲ್ಲಿ ಮುಡಿಸೋದು ಅಂತ ಗೊತ್ತಾಗದೆ ನಿಂತ್ಬಿಟ್ಲು. ಇವರು ಆ ಫೋಟೋನ ಇಲ್ಲಿಗೂ ತಂದು ಊರಿಗೆಲ್ಲ ತೋರಿಸಿದ್ರು. ತೀರಿಸಿಕೊಂಡೆ. ನನಗೇನೂ ಬೇಜಾರಿಲ್ಲ."

"ಸರಿ. ಗಂಧ ಯಾಕಮ್ಮ ಹಚ್ಚಿದ್ರಿ? ಹಚ್ಚದೇ ಇದ್ದಿದ್ರೆ ನನಗೆ ಗೊತ್ತಾಗ್ತಾ ಇರಲಿಲ್ಲ."

ಅವಳು ತನ್ನ ಕೈಯನ್ನೇ ನೋಡಿಕೊಂಡಳು. "ಮುಡಿ ತೆಗೆದ ತಲೆ ಹಾಗೇ ಬಿಡಬಾರದಲ್ವಾ ಸಾರ್... ಕೈ ತಾನಾಗೇ ಹೋಯ್ತು."

ಒಂದು ಗಳಿಗೆ ನನಗೂ ಅವಳ ಮೇಲೆ ಕನಿಕರ ಬಂತು. ಆದರೆ ಬಾಗಿಲಲ್ಲಿ ಭಾಗವ್ವ ನಿಂತಿದ್ದಳಲ್ಲ. ಅತ್ತೆಯ ಮೇಲಿನ ಸೇಡಿಗೆ ಆ ಬಡವಿಯ ಅನ್ನ ಕಿತ್ತುಕೊಳ್ಳಬೇಕಿತ್ತಾ? ಹೋಗಿ ಇವಳ ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು.

ಯಶೋದಮ್ಮ ಎಡಗೈ ಆಡಿಸಿ ಸೊಸೆಯನ್ನು ಹತ್ತಿರ ಕರೆದರು. ಕ್ಷಮಿಸಿ ತಲೆ ಸವರುತ್ತಾರೆ ಅಂತ ನಾವೆಲ್ಲ ಅಂದುಕೊಂಡೆವು. ಮಾನಸ ಬಗ್ಗಿದಳು. ಮುದುಕಿ ಅವಳ ಜಡೆಯನ್ನು ಗಪ್ಪನೆ ಹಿಡಿದು ಮುಷ್ಟಿಗೆ ಸುತ್ತಿಕೊಂಡರು.

ಭೈರೇಶ್ ಬಿಡಿಸಲು ಹೋದ. ದೊಡ್ಡಣ್ಣ ವಾಕರ್ ಅಡ್ಡ ಇಟ್ಟರು. ಯಶೋದಮ್ಮ ಆ ಜಡೆ ಎಳೆದು ಸೊಸೆಯ ಮುಖವನ್ನು ಬಾಗಿಲ ಕಡೆಗೆ, ಭಾಗವ್ವನ ಕಡೆಗೆ ತಿರುಗಿಸಿದರು. ಹಾಗೇ ಹಿಡಿದರು. ಮಾನಸಳ ಕಣ್ಣಲ್ಲಿ ನೀರು ಬಂತು.

"ತಪ್ಪಾಯ್ತು ಭಾಗವ್ವ," ಅಂದಳು ಕೊನೆಗೆ.

ಭಾಗವ್ವ ಒಳಗೆ ಬಂದಳು. "ಇಲ್ಲಿ ಅಂದ್ರ ಸಾಕಾಗಂಗಿಲ್ರೀ ಅಕ್ಕಾರ. ಊಟದ ಹಾಲ್‌ನ್ಯಾಗ ಎಲ್ಲಾರ ಮುಂದ ನನ್ನ ಕಳ್ಳಿ ಅಂದೀರಿ. ಅಲ್ಲೇ ನಿಂತು ಹೇಳ್ರಿ. ಆಮ್ಯಾಲ ದಿನಾ ಬರ್ರಿ. ಅಮ್ಮಾರ ತಲಿಗೆ ನೀವ ಎಣ್ಣಿ ಹಚ್ರಿ, ನೀವ ಬಾಚ್ರಿ. ಮತ್ತ ಮೊಣಕಾಲ ಮುಟ್ಟೂ ಮಟ."

ಯಶೋದಮ್ಮನ ಬೆರಳುಗಳು ಆಗ ಸಡಿಲವಾದವು.

ಅವತ್ತು ರಾತ್ರಿ ಊಟದ ಹೊತ್ತಿಗೆ ಮಾನಸ ಹಾಲ್‌ನ ನಡುವೆ ನಿಂತು ಎಲ್ಲ ಹೇಳಿದಳು. ರವಿಕುಮಾರನಿಂದಲೂ ಭಾಗವ್ವನ ಕ್ಷಮೆ ಕೇಳಿಸಿ, ಅವಳನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಗೆ, ಅವಳದೇನೂ ತಪ್ಪಿಲ್ಲ ಅಂತ ಅವನಿಂದಲೇ ಫೋನ್ ಮಾಡಿಸಿದೆ. ಹಾಗೆ ಮಾಡದಿದ್ದರೆ ಕಂಪ್ಲೇಂಟ್ ನಾನೇ ಕೊಡುತ್ತಿದ್ದೆ.

ಈಗ ಮಾನಸ ದಿನಾ ಬರುತ್ತಾಳೆ. ಮೊದಲ ದಿನವೇ ಆ ಫೋಟೋ ತೆಗೆದು ಬೀರುವಿನೊಳಗೆ ಹಾಕಿದಳು. ಯಶೋದಮ್ಮ ಬೇಡ ಅನ್ನಲಿಲ್ಲ. ಭಾಗವ್ವ ಪಕ್ಕದಲ್ಲಿ ಕೈ ಕಟ್ಟಿ ನಿಂತಿರುತ್ತಾಳೆ. ನಾನು ಎದುರು ಮಂಚದಿಂದ, ಕಿವಿ ಹಿಂದೆ ಎಣ್ಣೆ ಬಿಟ್ಟೆ ನೋಡಮ್ಮ, ಅನ್ನುತ್ತೇನೆ. ಅವಳು ಹಲ್ಲು ಕಚ್ಚಿಕೊಂಡು ಹಚ್ಚುತ್ತಾಳೆ. ಕೂದಲು ಈಗಷ್ಟೇ ಹೆಗಲಿಗೆ ಬಂದಿದೆ, ಮೊಣಕಾಲು ಇನ್ನೂ ದೂರ. ನಮಗ್ಯಾರಿಗೂ ಅವಸರವಿಲ್ಲ.